ಮರುದಿನ ಏನು ಉಳಿಯಿತು?

ಹನ್ನೊಂದು ವರ್ಷದಿಂದ ಪುಟ್ಟ ಮಕ್ಕಳಿಗೆ ಕಲಿಸುತ್ತಿದ್ದೇನೆ. ಮೂರರಿಂದ ಐದು ವರ್ಷದವರು. ವರ್ಷದ ಶುರುವಿನಲ್ಲೇ ನಮ್ಮ ಕೈಗೆ ಒಂದು ಪಟ್ಟಿ ಬರುತ್ತದೆ. ನೀರಿನ ದಿನ, ಭೂಮಿ ದಿನ, ಪರಿಸರ ದಿನ, ಕೈ ತೊಳೆಯುವ ದಿನ, ಜೇನುನೊಣದ ದಿನ. ಹಬ್ಬಗಳು ಬೇರೆ. ಎಲ್ಲವೂ ಒಳ್ಳೆಯ ದಿನಗಳೇ. ಆದರೂ ಆ ಪಟ್ಟಿ ಅರ್ಧಕ್ಕರ್ಧ ಕಮ್ಮಿಯಾಗಬೇಕು ಅಂತ ಇವತ್ತು ನೇರವಾಗಿಯೇ ಹೇಳುತ್ತಿದ್ದೇನೆ.

ಈ ವಯಸ್ಸಿನ ಮಗುವಿಗೆ ಕ್ಯಾಲೆಂಡರ್ ಅನ್ನುವುದೇ ಇನ್ನೂ ಗೊತ್ತಿಲ್ಲ. "ನಾಳೆ ಅಜ್ಜಿ ಮನೆಗೆ ಹೋಗಿದ್ದೆ" ಅನ್ನುವ ವಯಸ್ಸು. ಮಾರ್ಚ್ 22 ವಿಶ್ವ ಜಲ ದಿನ ಅಂದರೆ ಅದಕ್ಕೇನು ತಿಳಿದೀತು? ಹನಿಯುವ ನಲ್ಲಿಯ ಕೆಳಗೆ ಒಂದು ಲೋಟ ಇಟ್ಟು, ಆಟ ಆಡಿ ಬಂದು ಎಷ್ಟು ತುಂಬಿದೆ ಅಂತ ನೋಡಿದರೆ ತಿಳಿಯುತ್ತದೆ. ಅದಕ್ಕೆ ಮಾರ್ಚ್ 22ರ ತನಕ ಕಾಯಬೇಕಾಗಿಲ್ಲ. ನಲ್ಲಿ ಹನಿಯುವ ದಿನವೇ ಮಾಡಬಹುದು.

ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಸೆಪ್ಟೆಂಬರ್ 23 ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ. ಕಿವುಡರ ವಿಶ್ವ ಒಕ್ಕೂಟ 1951ರಲ್ಲಿ ಹುಟ್ಟಿದ್ದು ಅದೇ ತಾರೀಖಿನಂದು. 2018ರಿಂದ ವಿಶ್ವಸಂಸ್ಥೆ ಈ ದಿನವನ್ನು ಆಚರಿಸುತ್ತಿದೆ. ಆ ವರ್ಷ ನನ್ನ ತರಗತಿಯಲ್ಲಿ ಕಿವಿಗೆ ಮೆಷಿನ್ ಹಾಕುತ್ತಿದ್ದ ಒಬ್ಬ ಹುಡುಗನಿದ್ದ. ನಾನು ಐದಾರು ಸನ್ನೆ ಕಲಿತು, ಚಾರ್ಟ್ ಬರೆದು, ಅವನನ್ನು ಮಧ್ಯದಲ್ಲಿ ನಿಲ್ಲಿಸಿ ಎಲ್ಲರಿಂದಲೂ ಸನ್ನೆ ಮಾಡಿಸಿದೆ. ಫೋಟೋ ಚೆನ್ನಾಗಿ ಬಂತು. ಮಧ್ಯಾಹ್ನ ನೋಡಿದರೆ ಅವನ ಕಿವಿಯಲ್ಲಿ ಮೆಷಿನ್ ಇಲ್ಲ. ಹುಡುಕಿದರೆ ಬ್ಯಾಗಿನ ಒಳಜೇಬಿನಲ್ಲಿ, ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ. ಸಂಜೆ ಅವನ ಅಮ್ಮ ನನ್ನನ್ನು ಬೈಯಲಿಲ್ಲ. "ನಮ್ಮ ಮನೇಲಿ ಯಾರಿಗೂ ಸನ್ನೆ ಭಾಷೆ ಬರಲ್ಲ ಮಿಸ್, ಅವನಿಗೂ ಬರಲ್ಲ. ಅವನು ಮಾತಾಡ್ತಾನಲ್ವಾ" ಅಂದರು ಅಷ್ಟೇ. ಒಂದು ಮಾತು ಮೊದಲೇ ಕೇಳಬಹುದಿತ್ತು. ಕೇಳಿರಲಿಲ್ಲ.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ. ಯಾವ ಮಗುವನ್ನೂ ಯಾವ ದಿನಕ್ಕೂ ಮಾದರಿಯಾಗಿ ನಿಲ್ಲಿಸುವುದಿಲ್ಲ. ತರಗತಿಯ ಒಂದು ಮಗುವಿನ ಬದುಕಿಗೆ ತಾಗುವ ದಿನವಾದರೆ ಮೊದಲು ಮನೆಯವರನ್ನು ಕೇಳುತ್ತೇನೆ. "ಬೇಡ" ಅಂದರೆ ಬೇಡ.

ಹಬ್ಬ, ಸಂಸ್ಕೃತಿ ಅಂತ ಬಂದಾಗಲೂ ಇದೇ ಕಥೆ. ಪುಟ್ಟ ಮಕ್ಕಳ ಶಿಕ್ಷಣದಲ್ಲಿ ದುಡಿದ ಅಮೆರಿಕದ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ 1980ರ ದಶಕದಲ್ಲೇ ಇದನ್ನು "ಪ್ರವಾಸಿ ಪಠ್ಯಕ್ರಮ" ಅಂತ ಕರೆದಿದ್ದರು. ಒಂದು ದಿನ ಯಾರದೋ ಸಂಸ್ಕೃತಿಗೆ ಪ್ರವಾಸ ಹೋಗುವುದು. ಅವರ ಬಟ್ಟೆ, ಅವರ ಊಟ, ಅವರ ಕುಣಿತ ನೋಡುವುದು. ಮಾರನೇ ದಿನ ವಾಪಸ್ ಬಂದು ಎಂದಿನ ಪಾಠ. ಆ ಜನ ದಿನಾ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳಿಗೆ ಜ್ವರ ಬಂದರೆ ನಿದ್ದೆಗೆಡುತ್ತಾರೆ ಅನ್ನುವುದು ಮಗುವಿಗೆ ಗೊತ್ತೇ ಆಗುವುದಿಲ್ಲ. "ಅವರು ಬೇರೆ ಥರ" ಅನ್ನುವುದೊಂದೇ ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ಹಾಗಂತ ದಿನಗಳೇ ಬೇಡ ಅನ್ನುತ್ತಿಲ್ಲ. ಫೆಬ್ರವರಿ 21ರ ಮಾತೃಭಾಷಾ ದಿನವನ್ನು ನಾನು ಬಿಡುವುದೇ ಇಲ್ಲ. ಅದರ ಹಿಂದೆ 1952ರಲ್ಲಿ ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಪ್ರಾಣ ಕೊಟ್ಟವರಿದ್ದಾರೆ. ನಾಲ್ಕು ವರ್ಷದ ಮಗುವಿಗೆ ಗುಂಡೇಟಿನ ಕಥೆ ಹೇಳುವ ಅಗತ್ಯ ಕಾಣುವುದಿಲ್ಲ ನನಗೆ. "ನಿಮ್ಮ ಮನೇಲಿ ಅಜ್ಜಿಗೆ ಏನಂತೀರಿ?" ಅಂತ ಕೇಳುತ್ತೇನೆ. ಒಂದೊಂದು ಮನೆಯಲ್ಲಿ ಒಂದೊಂದು ಹೆಸರು. ಎಲ್ಲವನ್ನೂ ಬರೆದು ಬಾಗಿಲ ಪಕ್ಕ ಮಕ್ಕಳ ಎತ್ತರಕ್ಕೆ ಅಂಟಿಸುತ್ತೇವೆ, ವರ್ಷವಿಡೀ ಇರುತ್ತದೆ. ಒಂದು ಸಲ ಒಬ್ಬಳನ್ನು ಕರೆದುಕೊಂಡು ಹೋಗಲು ಅವಳಜ್ಜಿ ಬಂದಾಗ, ಉಳಿದ ಮಕ್ಕಳೆಲ್ಲ ಅವರ ಭಾಷೆಯ ಆ ಹೆಸರಿನಿಂದಲೇ ಕೂಗಿದರು. ಆ ಅಜ್ಜಿ ಚಪ್ಪಲಿ ಮೆಟ್ಟುವುದನ್ನೂ ಮರೆತು ನಿಂತುಬಿಟ್ಟರು. ದಿನಾ ಗೇಟಿನ ಹೊರಗೇ ಕಾಯುತ್ತಿದ್ದವರು ಆಮೇಲೆ ಒಳಗೆ ಬಂದು ಕೂರುವಂತಾದರು.

ಜನವರಿ 4 ಬ್ರೈಲ್ ದಿನ, ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ಓದುವ ಆರು ಚುಕ್ಕಿಗಳ ಲಿಪಿ ರೂಪಿಸಿದ ಲೂಯಿ ಬ್ರೈಲ್ ಹುಟ್ಟಿದ ದಿನ (1809). ಆರು ಗುಂಡಿಯ ಮೊಟ್ಟೆ ಟ್ರೇ ತುಂಡು ಸಾಕು, ಉದ್ದಕ್ಕೆ ಮೂರು, ಅಗಲಕ್ಕೆ ಎರಡು. ಗುಂಡಿಗಳಲ್ಲಿ ಕಲ್ಲು ಇಟ್ಟರೆ ಅಕ್ಷರ. 'ಅ'ಗೆ ಎಡಗಡೆ ಮೇಲಿನ ಗುಂಡಿಯಲ್ಲಿ ಒಂದೇ ಕಲ್ಲು. ಕಣ್ಣಿಗೆ ಬಟ್ಟೆ ಕಟ್ಟಿ "ಕುರುಡರಿಗೆ ಎಷ್ಟು ಕಷ್ಟ ನೋಡಿ" ಅನ್ನುವ ಆಟ ನಾನು ಆಡಿಸುವುದಿಲ್ಲ. ಅದರಿಂದ ಮಗು ಕಲಿಯುವುದು ಭಯ, ಅಯ್ಯೋ ಪಾಪ ಅನ್ನುವ ಭಾವ. ಕಲ್ಲು ಮುಟ್ಟಿ "ಇದು ಅ!" ಅಂದ ಮಗುವಿಗೆ ಬೆರಳಲ್ಲೂ ಓದಬಹುದು ಅನ್ನುವುದು ಗೊತ್ತಾಗಿರುತ್ತದೆ.

ಏಪ್ರಿಲ್ 2ರ ಆಟಿಸಂ ದಿನದ ಬಗ್ಗೆ ಒಂದು ಮಾತು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಜೋರು ಸದ್ದು, ಗದ್ದಲ ತಡೆಯಲು ಆಗುವುದಿಲ್ಲ. ಅವರ ಹೆಸರಿನ ದಿನದಂದೇ ಮೈಕು, ಬಲೂನು, ಚಪ್ಪಾಳೆ ಯಾಕೆ? ಕೋಣೆಯ ಒಂದು ಮೂಲೆಯಲ್ಲಿ ದಿಂಬು ಹಾಕಿ, ಬೆಳಕು ಕಮ್ಮಿ ಮಾಡಿ, ಯಾರು ಬೇಕಾದರೂ ಹೋಗಿ ಸುಮ್ನೆ ಕೂರುವ ಜಾಗ ಮಾಡಿಕೊಡಿ. ಏಪ್ರಿಲ್ 3ರಂದು ಅದನ್ನು ತೆಗೆಯಬೇಡಿ.

ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಬರಲಿಲ್ಲ ಅಂದ ತಕ್ಷಣ "ಈ ಸಲ ಏನೂ ಮಾಡಲಿಲ್ವಾ ಮಿಸ್?" ಅಂತ ಕೇಳಬೇಡಿ. ಆ ಒಂದು ಪ್ರಶ್ನೆಗೆ ಹೆದರಿಯೇ ನಮ್ಮಲ್ಲಿ ಎಷ್ಟೋ ಜನ ಮಕ್ಕಳ ಕೈಯಿಂದ ಬಣ್ಣ ಕಿತ್ತುಕೊಂಡು ಚಾರ್ಟನ್ನು ನಾವೇ ತುಂಬುತ್ತೇವೆ. ನಾನೂ ತುಂಬಿದ್ದೇನೆ. ಅದರ ಬದಲು ಒಂದು ವಾರ ಬಿಟ್ಟು ಬನ್ನಿ. ಆ ಮೊಟ್ಟೆ ಟ್ರೇ ಕೆಳಗಿನ ಶೆಲ್ಫಿನಲ್ಲೇ ಇರುತ್ತದೆ. ಕಲ್ಲುಗಳಲ್ಲಿ ಒಂದೆರಡು ಯಾರದೋ ಜೇಬಿನಲ್ಲಿ ಮನೆಗೆ ಹೋಗಿರುತ್ತವೆ.