ಡಿಟೆಕ್ಟರ್ ಹಿಡಿದವನಿಗೇ ಚಿನ್ನ? ಆ ಮೆಸೇಜ್ ಬಗ್ಗೆ ಸ್ಪಷ್ಟನೆ

ಇಂಗ್ಲೆಂಡಿನಲ್ಲಿ ಒಬ್ಬ ಮೆಟಲ್ ಡಿಟೆಕ್ಟರ್ ಹಿಡಿದು ಹೊಲಕ್ಕೆ ಹೋಗಿ ಚಿನ್ನ ಮನೆಗೆ ತಂದ, ನೀವೂ ಒಂದು ಮೆಷಿನ್ ತಗೊಳ್ಳಿ ಅಂತ ಮೆಸೇಜ್ ಓಡಾಡುತ್ತಿದೆ. ಅರ್ಧ ಮಾತ್ರ ನಿಜ. 2009ರಲ್ಲಿ ಸ್ಟಾಫರ್ಡ್‌ಶೈರ್‌ನ ಹೊಲದಲ್ಲಿ ಚಿನ್ನದ ರಾಶಿ ಸಿಕ್ಕಿದ್ದು ಹೌದು. ಆದರೆ ಅದು ಮ್ಯೂಸಿಯಂ ಸೇರಿತು, ಕಟ್ಟಿದ ಬೆಲೆ ಸುಮಾರು 33 ಲಕ್ಷ ಪೌಂಡ್ ಅವನಿಗೂ ಹೊಲದ ಮಾಲೀಕರಿಗೂ ಸಮಪಾಲಾಯಿತು. ಈ ಹವ್ಯಾಸಕ್ಕೆ ಇಳಿದವರಿಗೆ ಮೊದಲು ಸಿಗುವುದು ಮೊಳೆ, ಬಾಟಲಿ ಮುಚ್ಚಳ, ಕೂಲ್‌ಡ್ರಿಂಕ್ ಡಬ್ಬಿಯ ರಿಂಗು. ಆ ಅಲ್ಯೂಮಿನಿಯಂ ರಿಂಗಿಗೂ ಚಿನ್ನದ ಉಂಗುರಕ್ಕೂ ಮೆಷಿನ್ ಹೆಚ್ಚುಕಡಿಮೆ ಒಂದೇ ಥರ ಕೂಗುತ್ತದೆ, ಅಗೆಯದೆ ಗೊತ್ತಾಗುವುದಿಲ್ಲ. ನಮ್ಮಲ್ಲಂತೂ ನಿಧಿ ಕಾಯ್ದೆ ಇದೆ: ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಂಪಿಯಂಥ ಸಂರಕ್ಷಿತ ಜಾಗದಲ್ಲಿ ಸುಮ್ನೆ ಹೋಗಿ ಅಗೆಯುವುದಂತೂ ಅಪರಾಧ.