ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸುವುದಲ್ಲ

ಹೆರಾಯಿನ್ ಚಟಕ್ಕೆ ಚಿಕಿತ್ಸೆಯಾಗಿ ಮೆಥಡೋನ್ ಔಷಧಿ ಕೊಡುವುದೆಂದರೆ ಒಂದು ಚಟ ಬಿಡಿಸಿ ಇನ್ನೊಂದು ಅಂಟಿಸಿದಂತೆ ಎಂದು ಲೇಖನದಲ್ಲಿ ಬರೆದಿದ್ದೀರಿ. ಒಪ್ಪಲು ಆಗುತ್ತಿಲ್ಲ ಸರ್. ನಾನು ಗ್ಲಾಸ್ಗೋದಲ್ಲಿ ಫಾರ್ಮಸಿಸ್ಟ್. ಬೆಳಗಾದರೆ ಈ ಹಸಿರು ಔಷಧಿಯನ್ನು ಅಳೆದು ಕೊಡುವುದೇ ನನ್ನ ಕೆಲಸ. ಹೊಸಬರು ನಮ್ಮೆದುರೇ ಕುಡಿಯಬೇಕು. ಕುಡಿದ ಮೇಲೆ ಎರಡು ಮಾತಾಡಿಸುತ್ತೇವೆ. ಬಾಯಲ್ಲೇ ಇಟ್ಟುಕೊಂಡು ಹೋಗಬಾರದಲ್ವಾ!

ಹೆರಾಯಿನ್ ನಶೆ ಕೆಲವೇ ಗಂಟೆ. ಇಳಿದರೆ ಮೈಕೈ ನೋವು, ವಾಂತಿ, ಬೆವರು. ಮತ್ತೆ ದುಡ್ಡು ಹುಡುಕಬೇಕು. ಮೆಥಡೋನ್ ನಿಧಾನವಾಗಿ ಏರಿ ಇಡೀ ದಿನ ನಿಲ್ಲುತ್ತದೆ. ಡೋಸ್ ಸರಿಯಾಗಿ ಕೂತರೆ ನಶೆಯೂ ಇಲ್ಲ, ಒದ್ದಾಟವೂ ಇಲ್ಲ. ಮನುಷ್ಯ ಕೆಲಸಕ್ಕೆ ಹೋಗಬಹುದು. 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ವೈದ್ಯರಾದ ವಿನ್ಸೆಂಟ್ ಡೋಲ್, ಮೇರಿ ನೈಸ್ವಾಂಡರ್ ಕಂಡದ್ದೂ ಇದನ್ನೇ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಅಪಾಯ ಇಲ್ಲ ಅಂತಲ್ಲ. ಮೊದಲ ಎರಡು ವಾರ ತುಂಬಾ ಎಚ್ಚರ ಬೇಕು, ಔಷಧಿ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಮೂರು ದಿನ ಬಾರದೇ ಇದ್ದವರಿಗೆ ಹಳೇ ಡೋಸ್ ಸುಮ್ನೆ ಕೊಟ್ಟುಬಿಡುವುದಿಲ್ಲ, ಕ್ಲಿನಿಕ್‌ಗೆ ಫೋನ್ ಮಾಡುತ್ತೇವೆ. ಅಷ್ಟರಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಹಳೇ ಅಳತೆಯೇ ಉಸಿರು ನಿಲ್ಲಿಸಬಹುದು.

ನಮ್ಮಮ್ಮ ಇಪ್ಪತ್ತು ವರ್ಷದಿಂದ ಶುಗರ್ ಮಾತ್ರೆ ನುಂಗುತ್ತಿದ್ದಾರೆ. ಅವರನ್ನು ಯಾರೂ ‘ಇದನ್ನು ಯಾವಾಗ ಬಿಡ್ತೀರಿ’ ಎಂದು ಕೇಳಿಲ್ಲ. ನನ್ನ ಕೌಂಟರ್ ಮುಂದೆ ನಿಲ್ಲುವವರಿಗೆ ದಿನವೂ ಅದೇ ಪ್ರಶ್ನೆ.

ಅಂದ ಹಾಗೆ, ಭಾರತದಲ್ಲಿ ಇದೇ ಚಿಕಿತ್ಸೆಗೆ ಬುಪ್ರೆನಾರ್ಫಿನ್ ಮಾತ್ರೆಯ ಬಳಕೆ ಜಾಸ್ತಿ. ಅದರ ಬಗ್ಗೆಯೂ ಒಮ್ಮೆ ಬರೆಯಿರಿ.