ಮ್ಯಾಂಚೆಸ್ಟರ್ ಬಿಡ್ರಿ, ಹಿತ್ತಲ ಕರಿಬೇವು ನೋಡ್ರಿ

ಜೀವವಿಕಾಸದ ಪಾಠ ಬಂತೆಂದರೆ ವಿಜಯಪುರದಲ್ಲೂ ಬಾಗಲಕೋಟೆಯಲ್ಲೂ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಪತಂಗವೇ ಉದಾಹರಣೆ. 1848ರಲ್ಲಿ ಅಲ್ಲಿ ಒಂದು ಕಪ್ಪು ಪತಂಗ ಕಂಡಿತು, ಕಾರ್ಖಾನೆ ಹೊಗೆಗೆ ಮರ ಕಪ್ಪಾಗುತ್ತ ಹೋದಂತೆ ಹಕ್ಕಿಗಳ ಕಣ್ಣಿಗೆ ಬೀಳದೆ ಅದರ ಸಂತತಿಯೇ ಹೆಚ್ಚಿತು. ಪಾಠ ಸರಿಯಾಗಿಯೇ ಇದೆ. ಆದರೆ ನಮ್ಮ ಮಕ್ಕಳು ಆ ಪತಂಗವನ್ನೂ ಕಂಡಿಲ್ಲ, ಆ ಮರವನ್ನೂ ಕಂಡಿಲ್ಲ. ಅದಕ್ಕಿಂತ ಗಟ್ಟಿ ಉದಾಹರಣೆ ಅವರ ಹಿತ್ತಲ ಕರಿಬೇವಿನಲ್ಲಿ, ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಿಂಬೆ ತೋಟಗಳಲ್ಲಿ ಕೂತು ಎಲೆ ತಿನ್ನುತ್ತಿದೆ. ಅದನ್ನು ತೋರಿಸದೆ ಚಿತ್ರ ತೋರಿಸಿ ಮುಂದೆ ಹೋಗುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಅದರ ಹೆಸರು ಕಾಮನ್ ಮಾರ್ಮನ್. ಬಾಲವಿರುವ ಕಪ್ಪು ಪಾತರಗಿತ್ತಿ. ಗಂಡುಗಳೆಲ್ಲ ಒಂದೇ ಥರ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು. ಹೆಣ್ಣಿಗೆ ಮಾತ್ರ ನಮ್ಮಲ್ಲಿ ಮೂರು ವೇಷ. ಒಂದು ಗಂಡಿನ ಹಾಗೆಯೇ ಇರುತ್ತದೆ, ಇನ್ನೊಂದು ಕಾಮನ್ ರೋಸ್ ಪಾತರಗಿತ್ತಿಯನ್ನು ಹೋಲುತ್ತದೆ, ಮತ್ತೊಂದು ಕ್ರಿಮ್ಸನ್ ರೋಸನ್ನು. ಈ ರೋಸ್‌ಗಳು ಹುಳವಾಗಿದ್ದಾಗ ಈಶ್ವರಿ ಬಳ್ಳಿಯ ಜಾತಿಯ ಗಿಡಗಳನ್ನು ತಿಂದು ಅವುಗಳ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತವೆ. ಒಮ್ಮೆ ತಿಂದು ಕೆಟ್ಟ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ. ಕರಿಬೇವು ತಿಂದು ಬೆಳೆದ ಮಾರ್ಮನ್‌ಗೆ ಆ ವಿಷವಿಲ್ಲ, ವೇಷ ಮಾತ್ರ ಇದೆ.

ಗುರುತಿಸಬೇಕೆಂದರೆ ರೆಕ್ಕೆ ಬಿಟ್ಟು ಮೈ ನೋಡಿರಿ. ನಿಜವಾದ ರೋಸ್‌ಗಳ ತಲೆ, ಹೊಟ್ಟೆ ಕುಂಕುಮದಷ್ಟು ಕೆಂಪು. ವೇಷದ ಮಾರ್ಮನ್‌ನ ರೆಕ್ಕೆಯಲ್ಲಿ ಕೆಂಪಿದ್ದರೂ ಮೈ ಕಪ್ಪಗೇ ಉಳಿದಿದೆ. ಮಕ್ಕಳಿಗೆ ತೋರಿಸಬೇಕಾದ್ದು ಇದನ್ನೇ. ಉಳಿಯಬಲ್ಲದ್ದನ್ನೇ ಉಳಿಸುವ ನಿಸರ್ಗದ ಆಯ್ಕೆಗೆ ಅಚ್ಚು ತೆಗೆದಂಥ ನಕಲು ಬೇಕಿಲ್ಲ, ಹಕ್ಕಿ ಒಂದು ಕ್ಷಣ ಹಿಂಜರಿದರೆ ಸಾಕು.

ಹಾಗಾದರೆ ಎಲ್ಲ ಹೆಣ್ಣುಗಳೂ ಯಾಕೆ ವೇಷ ಹಾಕಲಿಲ್ಲ? ನಕಲಿಗಳು ಅತಿಯಾದರೆ ಹಕ್ಕಿಯ ಬಾಯಿಗೆ ವಿಷಕ್ಕಿಂತ ರುಚಿಯೇ ಹೆಚ್ಚು ಸಿಗುತ್ತದೆ, ಆಗ ಹೆದರಿಕೆ ಹೋಗುತ್ತದೆ. ಇನ್ನು ವೇಷದ ಗುಟ್ಟು. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ ಹಾಗೆ, ಇದನ್ನೆಲ್ಲ ಆಡಿಸುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್. ಕೀಟಗಳಲ್ಲಿ ಗಂಡು-ಹೆಣ್ಣಿನ ಲಕ್ಷಣ ಮೂಡಿಸುವ ಜೀನ್ ಅದು. ವೇಷದ ಹೆಣ್ಣಿನಲ್ಲಿ ಆ ಜೀನ್ ಇರುವ ವರ್ಣತಂತುವಿನ (ಜೀನ್‌ಗಳು ಸಾಲಾಗಿ ಕೂತಿರುವ ಎಳೆ) ತುಣುಕು ತಿರುಗುಮುರುಗಾಗಿ ಕೂತಿದೆ. ತಿರುಗಿದ ತುಣುಕು ನೆಟ್ಟಗಿರುವ ತುಣುಕಿನ ಜೊತೆ ಅದಲುಬದಲಾಗುವುದಿಲ್ಲ, ಆದ್ದರಿಂದ ಹಳೆಯ ಮಾದರಿಯೂ ಹೊಸದೂ ಬೆರೆತು ಅರೆಬರೆ ವೇಷ ಹುಟ್ಟುವುದಿಲ್ಲ. ಗಂಡೂ ಆ ತಿರುಗಿದ ತುಣುಕನ್ನು ಹೊತ್ತಿರಬಹುದು, ಆದರೆ ಅವನ ರೆಕ್ಕೆಯಲ್ಲಿ ಅದು ಕಾಣುವುದಿಲ್ಲ. ಒಬ್ಬಳೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ವೇಷದ ಹೆಣ್ಣುಮಕ್ಕಳು ಬರಬಹುದು.

ಇದನ್ನು ತರಗತಿಯಲ್ಲೇ ನೋಡಬಹುದು. ಮಳೆ ಬಿದ್ದು ಕರಿಬೇವು ಚಿಗುರಿದಾಗ ಎಳೆ ಎಲೆಗಳನ್ನು ಹುಡುಕಿರಿ. ಸುಮಾರು 1 ಮಿ.ಮೀ. ದುಂಡನೆಯ ತಿಳಿಹಳದಿ ಮೊಟ್ಟೆ ಒಂಟಿಯಾಗಿ ಅಂಟಿಕೊಂಡಿರುತ್ತದೆ. ಸಣ್ಣ ಹುಳ ಥೇಟ್ ಹಕ್ಕಿ ಹಿಕ್ಕೆ, ಕೊನೆಯ ಹಂತದಲ್ಲಿ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಗೊಂಬು ಚಾಚಿ ವಾಸನೆ ಬಿಡುತ್ತದೆ. ಕಚ್ಚುವುದಿಲ್ಲ, ತುರಿಸುವುದೂ ಇಲ್ಲ.

ಒಂದಡಿ ಎತ್ತರದ ರಟ್ಟಿನ ಡಬ್ಬಿಯ ಒಂದು ಬದಿ ಕೊಯ್ದು ಸೊಳ್ಳೆಪರದೆ ಅಂಟಿಸಿರಿ. ನಾಲ್ಕು ಹುಳಕ್ಕಿಂತ ಹೆಚ್ಚು ಬೇಡ. ಟೊಂಗೆಯನ್ನು ನೀರಿನ ಸಣ್ಣ ಬಾಟಲಿಯಲ್ಲಿಟ್ಟು ಬಾಯಿಗೆ ಹತ್ತಿ ತುರುಕಿರಿ, ಇಲ್ಲದಿದ್ದರೆ ಹುಳ ಒಳಗಿಳಿದು ಸಾಯುತ್ತದೆ. ಹಿಕ್ಕೆಯನ್ನು ದಿನಾ ತೆಗೆಯಿರಿ. ಒದ್ದೆ ಎಲೆ ಹಾಕಿದರೆ ರೋಗ ಬಂದು ಹುಳ ಕರಗಿಹೋಗುತ್ತದೆ. ಸಂತೆಯ ಕರಿಬೇವು ಹಾಕಲೇಬೇಡಿರಿ. ಅದಕ್ಕೆ ಔಷಧಿ ಹೊಡೆದಿದ್ದರೆ ಒಂದೇ ದಿನದಲ್ಲಿ ಎಲ್ಲವೂ ಸಾಯುತ್ತವೆ. ನಮ್ಮ ಬಿಸಿಲಿಗೆ ತಗಡಿನ ಸೂರಿನ ಕೆಳಗೂ ಡಬ್ಬಿ ಇಡಬಾರದು.

ಹುಳ ತಿನ್ನುವುದು ಬಿಟ್ಟು ತೆಳ್ಳಗೆ ಹಿಕ್ಕೆ ಹಾಕಿ ಅಲೆದಾಡಲು ಶುರುಮಾಡಿದರೆ ಒಂದು ಒಣಕಡ್ಡಿಯನ್ನು ಓರೆಯಾಗಿ ನಿಲ್ಲಿಸಿರಿ. ಅದು ಸೊಂಟಕ್ಕೊಂದು ನೂಲು ಕಟ್ಟಿಕೊಂಡು ಕೋಶವಾಗುತ್ತದೆ. ಮುಂದೆ ಹತ್ತು ಹನ್ನೆರಡು ದಿನ, ಚಳಿಯಿದ್ದರೆ ಇನ್ನೂ ಹೆಚ್ಚು. ಹೊರಬರುವ ಹಿಂದಿನ ದಿನ ಕೋಶದ ಸಿಪ್ಪೆ ತೆಳುವಾಗಿ ಒಳಗಿನ ರೆಕ್ಕೆ ಕಾಣುತ್ತದೆ. ರೆಕ್ಕೆಯ ಬಣ್ಣವೆಲ್ಲ ಹೆಂಚು ಹೊದಿಸಿದಂತಿರುವ ಸಣ್ಣ ಹುರುಪೆಗಳದ್ದು, ಒಂದು ಹುರುಪೆಗೆ ಸಾಮಾನ್ಯವಾಗಿ ಒಂದೇ ಬಣ್ಣ. ಕಪ್ಪು ತುಂಬುವುದು ಕೊನೆಗೆ.

ಹೆಚ್ಚು ಕೆಡುವುದು ಹೊರಬಂದ ಗಳಿಗೆಯಲ್ಲಿ. ಮುದುಡಿದ ರೆಕ್ಕೆಗೆ ರಸ ಹರಿದು ಬಿಡಿಸಿಕೊಳ್ಳಲು ಅದು ತೂಗಾಡುತ್ತ ನಿಲ್ಲಬೇಕು. ಹಿಡಿತ ಸಿಗದೆ ಜಾರಿದರೆ ರೆಕ್ಕೆ ಸೊಟ್ಟಗೇ ಒಣಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಆದ್ದರಿಂದ ಒಳಗೋಡೆಗೆ ಒರಟು ಬಟ್ಟೆ ಹಚ್ಚಿರಿ, ಎರಡು ತಾಸು ಮುಟ್ಟಬೇಡಿರಿ. ಆಗ ಕೆಳಗೆ ಬೀಳುವ ಹನಿ ರಕ್ತವಲ್ಲ, ಕೋಶದೊಳಗೆ ಉಳಿದ ಕಸ. ಕೋಶದಿಂದ ಅದರೊಳಗನ್ನೇ ತಿಂದು ಬೆಳೆದ ಸಣ್ಣ ಕಣಜಗಳು ಹೊರಬಂದರೆ ಅದನ್ನೂ ಬರೆದಿಡಿರಿ. ಬಾಲವಿಲ್ಲದೆ ಹಳದಿ ಮಚ್ಚೆ ತುಂಬಿದ ಪಾತರಗಿತ್ತಿ ಬಂದರೆ ಅದು ಲಿಂಬೆ ಚಿಟ್ಟೆ, ಅದಕ್ಕೂ ಕರಿಬೇವು ಒಗ್ಗುತ್ತದೆ.

ಲಿಂಬೆ ಸಸಿ ಬೆಳೆಸುವ ರೈತರ ಸಂಕಟ ನಿಜ, ಎಳೆ ಸಸಿಯನ್ನು ನಾಲ್ಕೈದು ಹುಳ ಬೋಳು ಮಾಡುತ್ತವೆ. ಬಲಿತ ಗಿಡಕ್ಕೆ ಆ ಭಯವಿಲ್ಲ. ಸಸಿಯ ಮೇಲಿನ ಹುಳಗಳನ್ನು ಕೈಯಿಂದ ಆರಿಸಿ ಹತ್ತಿರದ ಶಾಲೆಯ ಡಬ್ಬಿಗೆ ಕೊಟ್ಟರೆ ಸಸಿಯೂ ಉಳಿಯುತ್ತದೆ, ತರಗತಿಗೆ ಹುಳವೂ ಸಿಗುತ್ತದೆ.